ಪರೀಕ್ಷೆ ಇದೆ, ತರಗತಿ ಇಲ್ಲ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ ಜೆರಾಕ್ಸ್ ಅಂತ ಬರೆಸಿದ್ದರೂ ಸಂಸಾರ ನಡೆಯುವುದು ಆನ್‌ಲೈನ್ ಅರ್ಜಿಗಳಿಂದ. ಉತಾರ, ಜಾತಿ-ಆದಾಯದ ಪ್ರಮಾಣಪತ್ರ, ವಿಧವಾ ವೇತನ, ಮಕ್ಕಳ ಸ್ಕಾಲರ್‌ಶಿಪ್, ರೇಷನ್ ಕಾರ್ಡಿನ ತಿದ್ದುಪಡಿ, ದಿನವಿಡೀ ಇದೇ ಕೆಲಸ. ವರ್ಷದ ಕೊನೆಯ ತಿಂಗಳುಗಳಲ್ಲಿ ಎಸ್‌ಎಸ್‌ಎಲ್‌ಸಿ ಖಾಸಗಿ ಅಭ್ಯರ್ಥಿಗಳ ನೋಂದಣಿ ಶುರುವಾದರೆ ಮಾತ್ರ ಬೇರೆ ಥರದ ಗಿರಾಕಿಗಳು ಬರುತ್ತಾರೆ. ಬಂದ ಕೂಡಲೇ ಮಾತಾಡುವುದಿಲ್ಲ. ಅಂಗಡಿಯಲ್ಲಿ ಮಂದಿ ಕಡಿಮೆಯಾಗುವ ತನಕ ಬದಿಗೆ ನಿಲ್ಲುತ್ತಾರೆ. ಆಮೇಲೆ ದನಿ ಇಳಿಸಿ ಕೇಳುತ್ತಾರೆ: “ಅಕ್ಕಾರ, ನಮ್ಮಂಥಾವ್ರು ಈಗ ಹತ್ತನೇತ್ತ ಕಟ್ಟಬಹುದೇನ್ರಿ?”

ಕಟ್ಟಬಹುದು. 15 ವರ್ಷ ತುಂಬಿದ್ದರೆ ಸಾಕು, ಮೇಲಿನ ಮಿತಿ ಇಲ್ಲ. ಇದನ್ನು ಹೇಳಿದಾಗ ಆ ಮುಖಗಳಲ್ಲಿ ಆಗುವ ಬದಲಾವಣೆ ನನಗೆ ಚೆನ್ನಾಗಿ ಗೊತ್ತು. ನಾನೂ ಒಮ್ಮೆ ಹಾಗೇ ದನಿ ಇಳಿಸಿ ಕೇಳಿದವಳು.

ಬರುವವರಲ್ಲಿ ಅಂಗನವಾಡಿ ಸಹಾಯಕಿಯರು ಹೆಚ್ಚು. ಮೊದಲು ಕಾರ್ಯಕರ್ತೆಯಾಗಲು ಎಸ್‌ಎಸ್‌ಎಲ್‌ಸಿ ಸಾಕಿತ್ತು. ಈಗ ಕಾರ್ಯಕರ್ತೆಗೆ ಪಿಯುಸಿ ಬೇಕು, ಸಹಾಯಕಿಯಾಗುವುದಕ್ಕೇ ಎಸ್‌ಎಸ್‌ಎಲ್‌ಸಿ ಕೇಳುತ್ತಾರೆ. ಹಿಂದೆ ನಾಲ್ಕನೇ ಇಯತ್ತೆಯೋ ಏಳನೇ ಇಯತ್ತೆಯೋ ಕಲಿತು ಸೇರಿದವರು ಇಪ್ಪತ್ತು ವರ್ಷದಿಂದ ಮಕ್ಕಳ ಮೂಗು ಒರೆಸುತ್ತ, ಅನ್ನ-ಸಾರು ಮಾಡುತ್ತ ಅಲ್ಲೇ ಉಳಿದಿದ್ದಾರೆ. ಇನ್ನು ಡ್ರೈವರುಗಳು. ಲಾರಿ, ಬಸ್ಸಿನ ಲೈಸನ್ಸಿಗೆ ಎಂಟನೇ ತರಗತಿ ಆಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದರು, ಅದು ಒಳ್ಳೆಯದೇ ಆಯಿತು. ಆದರೆ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ವಾಯವ್ಯ ಸಾರಿಗೆ ಸಂಸ್ಥೆಯಲ್ಲಿ ಚಾಲಕನಾಗಬೇಕೆಂದರೆ ಎಸ್‌ಎಸ್‌ಎಲ್‌ಸಿ ಬೇಕೇ ಬೇಕು. ರೈಲ್ವೆಯ ಗ್ರೂಪ್ ‘ಡಿ’ಗೂ ಹತ್ತನೇ ತರಗತಿಯನ್ನೋ ಐಟಿಐಯನ್ನೋ ಕೇಳುತ್ತಾರೆ. ಗಲ್ಫಿಗೆ ಹೋಗುವ ಹುಡುಗರಿಗೆ ಪಾಸ್‌ಪೋರ್ಟಿನ ತಾಪತ್ರಯ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕೆಂಬ ಮುದ್ರೆ ಬೀಳುತ್ತದೆ. ಆ ಅನುಮತಿಯ ಓಡಾಟದಲ್ಲೇ ಏಜೆಂಟರ ಕೈಗೆ ಸಿಕ್ಕಿ ದುಡ್ಡು ಕಳೆದುಕೊಳ್ಳುತ್ತಾರೆ.

ನಮ್ಮ ಮಾವನವರು ಮುಲ್ಕಿ ಪಾಸಾದವರು. ನಮ್ಮ ಭಾಗದಲ್ಲಿ ಹಿಂದೆ ಏಳನೇ ಇಯತ್ತೆಗೆ ಮುಲ್ಕಿ ಪರೀಕ್ಷೆ ಇತ್ತು, ಅದನ್ನು ಗೆದ್ದವನಿಗೆ ಕನ್ನಡ ಸಾಲಿ ಮಾಸ್ತರಿಕೆ ಸಿಗುತ್ತಿತ್ತು. ಊರಿನವರು ಪತ್ರ ಓದಿಸಲು, ಕರಾರು ಬರೆಸಲು ಅವರ ಕಟ್ಟೆಗೇ ಬರುತ್ತಿದ್ದರಂತೆ. ಅವರ ಕಾಲಕ್ಕೆ ಏಳನೇ ಇಯತ್ತೆ, ನನ್ನ ಕಾಲಕ್ಕೆ ಹತ್ತನೇದು, ಈಗ ಪಿಯುಸಿ. ಹೊಸ್ತಿಲು ಎತ್ತರವಾಗುತ್ತಲೇ ಇದೆ. ಕೆಳಗೆ ಉಳಿದವರನ್ನು ಕೈ ಹಿಡಿದು ಹತ್ತಿಸುವುದು ಯಾರ ಕೆಲಸ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳಿಲ್ಲ.

ನಾನು ಸಾಲಿ ಬಿಟ್ಟದ್ದು 1996ರಲ್ಲಿ, ಒಂಬತ್ತನೇ ತರಗತಿಯಲ್ಲಿ. ನಮ್ಮದು ನೇಕಾರರ ಮನೆ. ಅವ್ವ ಹಾಸಿಗೆ ಹಿಡಿದಳು, ಮಗ್ಗಕ್ಕೆ ಕಂಡಿಕೆ ಸುತ್ತುವವರು ಬೇಕಾಯಿತು, ಕೂತೆ. ಯಾರೂ ನನ್ನನ್ನು ಒತ್ತಾಯದಿಂದ ಬಿಡಿಸಲಿಲ್ಲ. ಒಂದು ವಾರ ಹೋಗಲಿಲ್ಲ, ಆಮೇಲೆ ಒಂದು ತಿಂಗಳು, ಹಾಗೇ ಬಿಟ್ಟಿತು. ಹೆಚ್ಚಿನವರ ಕತೆ ಹೀಗೇ ಇರುತ್ತದೆ. ಮದುವೆಯಾಗಿ, ಇಬ್ಬರು ಮಕ್ಕಳಾಗಿ, 2006ರಲ್ಲಿ ಖಾಸಗಿಯಾಗಿ ಕಟ್ಟಿ ಎಸ್‌ಎಸ್‌ಎಲ್‌ಸಿ ಪಾಸು ಮಾಡಿಕೊಂಡೆ. ಆಮೇಲೆ ಪಿಯುಸಿ, ಅದರ ಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಇದನ್ನು ಸಾಧನೆ ಅಂತ ಹೇಳಿಕೊಳ್ಳಲು ಇಲ್ಲಿ ಬರೆಯುತ್ತಿಲ್ಲ. ಅಂಗಡಿಗೆ ಬಂದು ನಿಲ್ಲುವವರಿಗೆ ಎಲ್ಲೆಲ್ಲಿ ತೊಡರುತ್ತದೆ ಎಂಬುದು ಓದಿ ತಿಳಿದದ್ದಲ್ಲ ಎಂದು ಹೇಳಬೇಕಾಗಿದೆ, ಅಷ್ಟೇ.

ಮೊದಲು ತೊಡರುವುದು ಪಾಠದಲ್ಲಿ ಅಲ್ಲ, ಕಾಗದದಲ್ಲಿ.

ಅರ್ಜಿ ತುಂಬಲು ಹಳೆ ಸಾಲಿಯ ದಾಖಲೆ ಬೇಕು. ನನ್ನ ಟೀಸಿಯ ಮೇಲೆ “ತಾ: ಗದಗ, ಜಿ: ಧಾರವಾಡ” ಎಂದಿತ್ತು. ಗದಗ ಜಿಲ್ಲೆಯಾದದ್ದು 1997ರಲ್ಲಿ, ನಾನು ಸಾಲಿ ಬಿಟ್ಟ ಮರುವರ್ಷ. ಆ ಒಂದು ಬರಹಕ್ಕಾಗಿ ಎರಡು ಟೇಬಲ್ಲಿನ ನಡುವೆ ಓಡಾಡಿಸಿದರು. ಹಾವೇರಿ ಕಡೆಯವರಿಗೂ ಇದೇ ಪಾಡು, ಅದೂ ಆಗ ಧಾರವಾಡದಲ್ಲೇ ಇತ್ತು. ಈಗಿನ ಕ್ಲಾರ್ಕುಗಳಿಗೆ ಇದು ಗೊತ್ತಾಗಿದೆ ಅನ್ನಿ.

ಅಂಗಡಿಯ ಬೆಂಚಿನ ಮೇಲೆ ಕೂತು ನನ್ನ ಹತ್ತಿರ ಪಾಠ ಓದಿದವರಲ್ಲಿ ಒಬ್ಬ ಸಹಾಯಕಿ ಅಕ್ಕ ಇದ್ದಾರೆ, ರೋಣ ತಾಲ್ಲೂಕಿನವರು, ನನಗಿಂತ ಹಿರಿಯರು. ಅವರ ದಾಖಲೆ ತೆಗೆಸಲು ಅವರ ತವರೂರಿಗೆ ಜೊತೆಗೆ ಹೋಗಿದ್ದೆ. ಹೆಡ್‌ಮಾಸ್ತರರು ಒಳ್ಳೆಯವರು. ಕಪಾಟಿನ ತಳದಿಂದ ಕೆಂಪು ಬಟ್ಟೆಯ ರಟ್ಟು ಹಾಕಿದ ದಾಖಲಾತಿ ರಜಿಸ್ಟರ್ ತೆಗೆದರು. ಅಂಚನ್ನು ವರಲಿ ತಿಂದಿತ್ತು, ಅಕ್ಷರ ಮಾತ್ರ ಮುತ್ತಿನ ಹಾಗೆ. ಅಕ್ಕ ಬೆರಳು ಇಟ್ಟು ಒಂದೊಂದೇ ಹೆಸರು ಓದುತ್ತ ಬಂದರು. “ಇಕಿ ಸತ್ತು ಹೋದ್ಲು. ಇಕಿ ನರಗುಂದಕ್ಕ ಕೊಟ್ಟಾಳು. ಇವ ನಮ್ಮ ಕಾಕಾನ ಮಗ.” ತಮ್ಮ ಹೆಸರು ಬಂದ ಕೂಡಲೇ ಬೆರಳು ನಿಂತಿತು. ಹುಟ್ಟಿದ ದಿನ ಜೂನ್ 1. ಅದರ ಮೇಲಿನ ಹೆಸರಿಗೂ ಜೂನ್ 1, ಕೆಳಗಿನ ಹೆಸರಿಗೂ ಜೂನ್ 1. ಸಾಲಿ ಶುರುವಾಗುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ ಮಾಸ್ತರರು ವಯಸ್ಸು ಕೂಡಿಸುತ್ತಿದ್ದ ಕಾಲ ಅದು. ನಮ್ಮ ಕಡೆ ಆ ತಲೆಮಾರಿನ ಅರ್ಧ ಊರೇ ಒಂದೇ ದಿನ ಹುಟ್ಟಿದ್ದು. ಕೊನೆಯ ಕಾಲಮಿನಲ್ಲಿ ಸಾಲಿ ಬಿಟ್ಟ ಕಾರಣ: “ಸತತ ಗೈರುಹಾಜರಿ”. ಅಕ್ಕ ಅದನ್ನು ಎರಡು ಸಲ ಓದಿದರು. “ತಮ್ಮನ್ನ ಆಡಸಾಕ ಮನ್ಯಾಗ ಯಾರೂ ಇರ್ಲಿಲ್ಲ, ಸರ್ರ” ಅಂದರು. ನಲವತ್ತು ದಾಟಿದ ಹೆಂಗಸು, ಹೆಡ್‌ಮಾಸ್ತರರ ಮುಂದೆ ನಿಂತು, ಅಂದಿನ ಗೈರುಹಾಜರಿಗೆ ಇಂದು ಕಾರಣ ಕೊಟ್ಟರು. ಮಾಸ್ತರರು ಎದ್ದು ನಿಂತು ಅವರಿಗೆ ಕುರ್ಚಿ ಹಾಕಿದರು.

ಅಲ್ಲಿಗೆ ಮುಗಿಯಲಿಲ್ಲ. ರಜಿಸ್ಟರಿನಲ್ಲಿ ಜೂನ್ 1, ಆಧಾರಿನಲ್ಲಿ ಜನವರಿ 1, ವರ್ಷವೂ ಬೇರೆ. ಆಧಾರ್ ಮಾಡಿಸಿದಾಗ ಬಾಯಿಮಾತಿನಲ್ಲಿ ಹೇಳಿದ ವಯಸ್ಸು ಅದು. ಇಂಥವರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ: ಪರೀಕ್ಷೆಗೆ ಕಟ್ಟುವ ಮೊದಲು ಇದನ್ನು ಸರಿಮಾಡಿಕೊಳ್ಳಿ. ಆಧಾರಿನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಒಂದೇ ಅವಕಾಶ. ಹೆಸರನ್ನಾದರೆ ಎರಡು ಸಲ ತಿದ್ದಬಹುದು, ದಿನಾಂಕ ಒಂದೇ ಸಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೇಲೆ ಬಿದ್ದ ದಿನಾಂಕ ಮುಂದೆ ಪಿಂಚಣಿಯವರೆಗೂ ಬೆನ್ನು ಬಿಡುವುದಿಲ್ಲ. ಆದ್ದರಿಂದ ಸಾಲಿಯ ದಾಖಲೆ ಮೊದಲು, ಅದರಂತೆ ಆಧಾರ್, ಆಮೇಲೆ ಅರ್ಜಿ. ಈ ಕ್ರಮ ತಪ್ಪಿದವರನ್ನು ನಾನು ಬಹಳ ನೋಡಿದ್ದೇನೆ, ಮಾರ್ಕ್ಸ್ ಕಾರ್ಡ್ ಕೈಯಲ್ಲಿದ್ದರೂ ನೌಕರಿಯ ಅರ್ಜಿ ತಿರಸ್ಕಾರವಾದವರನ್ನು.

ಇನ್ನು ಓದಿನ ವಿಷಯಕ್ಕೆ ಬರುತ್ತೇನೆ. ಬಂದವರೆಲ್ಲ ಮೊದಲು ಹೇಳುವ ಮಾತು “ಲೆಕ್ಕ ಬರಂಗಿಲ್ಲ”. ಇದನ್ನು ನಾನು ನಂಬುವುದಿಲ್ಲ. ಆ ಸಹಾಯಕಿ ಅಕ್ಕ ತಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕದ ವಹಿ ಬರೆಯುವವರು. ಸಮಾಂತರ ಶ್ರೇಢಿ ಎಂಬ ಪಾಠ ತೆರೆದಾಗ ಆ ಹೆಸರಿಗೇ ಹೆದರಿ ಪುಸ್ತಕ ಮುಚ್ಚಿದರು. ನಾನು ಪುಸ್ತಕ ಬದಿಗಿಟ್ಟು ಕೇಳಿದೆ: ಸಂಘದಾಗ ಒಬ್ಬಾಕಿ ಮೊದಲ ತಿಂಗಳು 50 ರೂಪಾಯಿ ಇಟ್ಟಳು, ತಿಂಗಳಿಗೆ 10 ಹೆಚ್ಚು ಮಾಡ್ತಾ ಹೋದಳು, ವರ್ಷಕ್ಕ ಎಷ್ಟಾತು? ಪೆನ್ನು ಹಿಡಿಯಲಿಲ್ಲ ಅವರು. ಬೆರಳು ಮಡಚುತ್ತ, “ಕಡೀ ತಿಂಗಳು 160 ಆತು. ಮೊದಲಂದು ಕಡೀದು ಕೂಡಿದ್ರ 210. ಎರಡನೇದು ಅದರ ಹಿಂದಿಂದು ಕೂಡಿದ್ರೂ 210. ಅಂಥಾವು ಆರು ಜೋಡಿ. 1260 ಆತು ನೋಡವಾ” ಅಂದರು. ಪಠ್ಯದಲ್ಲಿರುವ ಸೂತ್ರವೂ ಅದೇ. ಪದಗಳ ಸಂಖ್ಯೆಯ ಅರ್ಧವನ್ನು ಮೊದಲ ಮತ್ತು ಕೊನೆಯ ಪದಗಳ ಮೊತ್ತದಿಂದ ಗುಣಿಸಬೇಕು. ಅದನ್ನು ಅವರು ಬೆರಳ ಮೇಲೆ ಮಾಡಿ ಮುಗಿಸಿದ್ದರು. ಆಮೇಲೆ ನಾನು ಮಾಡಿದ ಕೆಲಸವೆಂದರೆ, 50ಕ್ಕೆ ‘ಎ’ ಎನ್ನುತ್ತಾರೆ, 10ಕ್ಕೆ ‘ಡಿ’ ಎನ್ನುತ್ತಾರೆ, ಉತ್ತರಪತ್ರಿಕೆಯಲ್ಲಿ ಹೀಗೆ ಸಾಲು ಸಾಲಾಗಿ ಬರೆಯಬೇಕು ಎಂದು ತೋರಿಸಿದ್ದು. ಬದುಕಿನಲ್ಲಿ ಲೆಕ್ಕ ಮಾಡುವವರಿಗೆ ಪರೀಕ್ಷೆಯ ಲೆಕ್ಕದಲ್ಲಿ ಇರುವ ತೊಂದರೆ ಬರವಣಿಗೆಯ ರೀತಿಯದು. ಅದನ್ನು ಎದುರು ಕೂತು ತೋರಿಸುವವರು ಬೇಕು, ಪುಸ್ತಕ ಒಂದೇ ತೋರಿಸಿ ಕೊಡುವುದಿಲ್ಲ.

ಸುಲಭವಾಗಿ ಬರುವ ಅಂಕಗಳೂ ಇವೆ. ಕನ್ನಡದಲ್ಲಿ ಪ್ರಸ್ತಾರ ಹಾಕುವುದನ್ನು ನಾನು ಮೊದಲ ವಾರವೇ ಕಲಿಸುತ್ತೇನೆ. ಲಘು, ಗುರು ಗುರುತಿಸಿ, ಭಾಮಿನಿ ಷಟ್ಪದಿಗೆ ಮೂರು-ನಾಲ್ಕು ಮಾತ್ರೆಯ ಗಣ ವಿಂಗಡಿಸುವುದು ಕೈಗೆ ಹತ್ತಿತೆಂದರೆ ಒಂದು ಅಂಕವೂ ಹೋಗುವುದಿಲ್ಲ. ಭಜನೆ ಹಾಡುವ ಹೆಂಗಸರಿಗೆ ಇದು ಬೇಗ ಹತ್ತುತ್ತದೆ, ಅವರ ಕಿವಿ ಮೊದಲೇ ತಯಾರಿರುತ್ತದೆ. ಮೊದಲ ಭಾಷೆಗೆ 125 ಅಂಕ, ಉಳಿದ ಐದಕ್ಕೆ ತಲಾ 100, ಒಟ್ಟು 625. ಹಾಗಾಗಿ ಕನ್ನಡದಲ್ಲಿ ಗಟ್ಟಿಯಾಗಿ ನಿಂತರೆ ಧೈರ್ಯ ಬರುತ್ತದೆ. ಗಣಿತ, ವಿಜ್ಞಾನ ಈಗ ಎನ್‌ಸಿಇಆರ್‌ಟಿ ಪಠ್ಯ, ಇಪ್ಪತ್ತು ವರ್ಷದ ಹಿಂದೆ ಫೇಲಾದವರ ನೋಟ್ಸು ಕೆಲಸಕ್ಕೆ ಬಾರದು. ಹೊಸ ಪುಸ್ತಕ ದುಡ್ಡು ಕೊಟ್ಟು ಕೊಳ್ಳಲೇಬೇಕೆಂದಿಲ್ಲ, ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ ಇದೆ. ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿವೆ. ಹೈಸ್ಕೂಲ್ ಮಾಸ್ತರರು ತಮ್ಮ ಹುಡುಗರಿಗಾಗಿ ಮಾಡುವ ಪಾಸಿಂಗ್ ಪ್ಯಾಕೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವರು ಅದನ್ನು ಕೀಳಾಗಿ ಕಾಣುತ್ತಾರೆ. ದಿನಕ್ಕೆ ಒಂದು ತಾಸು ಸಿಗುವ ಹೆಂಗಸಿಗೆ ಎಲ್ಲಿಂದ ಶುರು ಮಾಡಬೇಕೆಂದು ಹೇಳುವ ನಾಲ್ಕು ಹಾಳೆಯ ಬೆಲೆ ಏನೆಂದು ಅವರಿಗೆ ತಿಳಿಯದು.

ಕಷ್ಟ ಇರುವುದು ಇಂಗ್ಲಿಷಿನಲ್ಲಿ. ಇದಕ್ಕೆ ನನ್ನ ಹತ್ತಿರ ಸುಲಭದ ಉಪಾಯ ಇಲ್ಲ. ಏಳನೇ ಇಯತ್ತೆಗೆ ಬಿಟ್ಟವರು ಎಬಿಸಿಡಿ ದಾಟಿಯೇ ಇರುವುದಿಲ್ಲ, ಅವರ ಕಾಲಕ್ಕೆ ಕನ್ನಡ ಸಾಲಿಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ತಡವಾಗಿ. ಇಂಗ್ಲಿಷಿಗೆ ಪ್ರತಿದಿನ ಯಾರಾದರೂ ಕೂತು ಓದಿಸಬೇಕು, ಬೇರೆ ದಾರಿಯೇ ಇಲ್ಲ.

ಯಾರೂ ಗಮನಿಸದ ಇನ್ನೊಂದು ಕಷ್ಟ ಕೈಯದು. ಮೂರು ತಾಸು ಬಿಡದೆ ಬರೆಯಬೇಕು. ಬ್ಯಾಡಗಿ ಕಡೆಯಿಂದ ಬಂದ ಒಬ್ಬ ತಂಗಿ ಇದ್ದಳು, ಮದುವೆಯಾಗಿ ಗದಗಕ್ಕೆ ಬಂದವಳು. ಮದುವೆಗೆ ಮುಂಚೆ ಹಂಗಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಬೆರಳು ಎಷ್ಟು ಚುರುಕೆಂದರೆ ನೋಡುತ್ತ ಕೂಡಬೇಕು. ಪೆನ್ನು ಹಿಡಿದರೆ ಮಾತ್ರ ಅದೇ ಬೆರಳು ಬಿಗಿದುಕೊಳ್ಳುತ್ತಿತ್ತು, ಅರ್ಧ ಪುಟಕ್ಕೆ ಹೆಬ್ಬೆರಳು ನೋಯುತ್ತಿತ್ತು. ಉತ್ತರ ಬಾಯಲ್ಲಿದೆ, ಹಾಳೆಗೆ ಇಳಿಯುತ್ತಿಲ್ಲ. ಅವಳಿಗೆ ನಾನು ಪಾಠವನ್ನೇ ಬಿಡಿಸಿ ದಿನಾ ಎರಡು ಪುಟ ಏನಾದರೂ ಬರೆ ಅಂದೆ. ಕಿರಾಣಿ ಚೀಟಿ, ಅಡುಗೆ ಮಾಡುವ ಬಗೆ, ತವರಿಗೆ ಕಾಗದ. ಅವಳು ಬರೆದದ್ದೆಲ್ಲ ತನ್ನ ಊರಿನ ಮೆಣಸಿನಕಾಯಿ ಪೇಟೆಯ ಬಗ್ಗೆ, ಸೋಮವಾರ ಮತ್ತು ಗುರುವಾರದ ಸಂತೆಯ ಗದ್ದಲ, ಕಣ್ಣು ಮೂಗು ಉರಿಯುವುದು, ಸೀರೆಯ ಸೆರಗಿನಿಂದ ಬಾಯಿ ಕಟ್ಟಿಕೊಂಡು ಕೂಡುವುದು. ಚಂದ ಬರೆದಿದ್ದಳು. ಎರಡು ತಿಂಗಳಲ್ಲಿ ಕೈ ಸಡಿಲಾಯಿತು. ಪ್ರಬಂಧದ ಪ್ರಶ್ನೆಗೆ ಹೆದರಿಕೆಯೂ ಹೋಯಿತು.

ಹೊತ್ತಿನ ಮಾತು. ಮುಖ್ಯ ಪರೀಕ್ಷೆ ಬರುವುದು ಮಾರ್ಚಿನಲ್ಲಿ. ಅದಕ್ಕೆ ಮುಂಚಿನ ಎರಡು ತಿಂಗಳು ನಮ್ಮ ಭಾಗದಲ್ಲಿ ಬಿಳಿಜೋಳ, ಕಡಲೆಯ ಸುಗ್ಗಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ಭರಾಟೆ. ಕೂಲಿ ಚೆನ್ನಾಗಿ ಸಿಗುವ ದಿನಗಳನ್ನು ಬಿಟ್ಟು ಓದಲು ಕೂಡು ಎಂದು ಯಾರಿಗೆ ಹೇಳಲಿ? ಬೆಟಗೇರಿಯ ಹೆಂಗಸರಿಗೆ ಇನ್ನೊಂದು, ನೀರು. ಎಷ್ಟೋ ದಿನಕ್ಕೊಮ್ಮೆ ನಳ ಬರುತ್ತದೆ, ಬಂದ ದಿನ ಇಡೀ ಮನೆ ಕೊಡ ಹಿಡಿದು ನಿಲ್ಲಬೇಕು. ಆ ದಿನ ನನ್ನ ಬೆಂಚು ಖಾಲಿ, ನಾನೂ ನಳದ ಮುಂದೆ. ಅಂಗನವಾಡಿಯವರಿಗೆ ಸಂಜೆ ನಾಲ್ಕರ ಮೇಲೆ ಬಿಡುವು, ಮಗ್ಗದ ಮನೆಯವರಿಗೆ ಮಧ್ಯಾಹ್ನ ಊಟದ ಮೇಲೆ, ಡ್ರೈವರುಗಳಿಗೆ ರಾತ್ರಿ ಎಂಟಕ್ಕೆ. ಎಲ್ಲರಿಗೂ ಹೊಂದುವ ಒಂದು ಹೊತ್ತು ಇಲ್ಲ.

2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು. ಪರೀಕ್ಷೆ-1ರಲ್ಲಿ ಒಂದು ವಿಷಯ ಉಳಿದರೆ ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ, ಪರೀಕ್ಷೆ-2 ಇದೆ, ಹೆಚ್ಚು ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಇದರ ಬಗ್ಗೆ ಊರೆಲ್ಲ ವಾದ ನಡೆಯಿತು, ಮಕ್ಕಳು ಸೋಮಾರಿಗಳಾಗುತ್ತಾರೆ ಎಂದರು. ನನ್ನ ಬೆಂಚಿನ ಮೇಲೆ ಕೂತವರ ಪಾಲಿಗೆ ಇದು ದೊಡ್ಡ ಉಪಕಾರ. ನಲವತ್ತರ ಹೆಂಗಸಿಗೆ ಒಂದು ವರ್ಷ ಕಾಯಿ ಎಂದರೆ ಅವಳು ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುತ್ತಾಳೆ. ಎರಡು ತಿಂಗಳು ಎಂದರೆ ಪುಸ್ತಕ ಕೈಯಲ್ಲೇ ಇರುತ್ತದೆ.

ಎಸ್‌ಎಸ್‌ಎಲ್‌ಸಿ ಒಂದೇ ದಾರಿ ಅಲ್ಲ ಎಂಬುದನ್ನೂ ಹೇಳಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 1989ರಿಂದ ಇದೆ. ಅಲ್ಲಿ ಆರರ ಬದಲು ಐದು ವಿಷಯ, ಅವನ್ನು ನಾವೇ ಆರಿಸಿಕೊಳ್ಳಬಹುದು, ಒಂದು ಭಾಷೆ ಇರಲೇಬೇಕು. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶ, ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ಒಂದೊಂದೇ ವಿಷಯ ಮುಗಿಸುತ್ತ ಹೋಗುವವರಿಗೆ ಇದು ಹೇಳಿ ಮಾಡಿಸಿದ್ದು. ಗಣಿತ ಬಿಟ್ಟೂ ಹತ್ತನೇ ತರಗತಿ ಮುಗಿಸಬಹುದು. ಆದರೆ ಮುಂದೆ ಯಾವ ನೌಕರಿಗೆ ಹೋಗುತ್ತೀರಿ, ಅಲ್ಲಿ ಗಣಿತ ಕೇಳುತ್ತಾರೋ ಎಂದು ಮೊದಲೇ ನೋಡಿಕೊಳ್ಳಬೇಕು. ನಾಲ್ಕನೇ ಇಯತ್ತೆಯಲ್ಲೇ ಬಿಟ್ಟವರಿಗೆ ಮೂರು, ಐದು, ಎಂಟನೇ ತರಗತಿಗಳಿಗೆ ಸಮನಾದ ಹಂತಗಳೂ ಅಲ್ಲಿವೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಲ್ಲವರು ಬಹಳ ಕಡಿಮೆ.

ಎಲ್ಲರೂ ಬಲ್ಲದ್ದು ಗೋಡೆಯ ಮೇಲಿನ ಪೋಸ್ಟರುಗಳನ್ನು. “ಹತ್ತನೇ ತರಗತಿ ಫೇಲೇ? ನೇರವಾಗಿ ಪಿಯುಸಿ, ಡಿಗ್ರಿ. ಪರೀಕ್ಷೆ ಇಲ್ಲ.” ಗದಗದಲ್ಲೂ ಇವೆ, ಹುಬ್ಬಳ್ಳಿಯಲ್ಲೂ ಇವೆ. ಒಬ್ಬ ಟಂಟಂ ಓಡಿಸುವ ತಮ್ಮ ಅಂಥ ಒಂದು ಕಡೆ ಹೆಂಡತಿಯ ಕಿವಿಯೋಲೆ ಒತ್ತೆ ಇಟ್ಟು ದುಡ್ಡು ಕಟ್ಟಿದ್ದ. ಮಾರ್ಕ್ಸ್ ಕಾರ್ಡ್ ಬಂತು, ದಪ್ಪ ಕಾಗದ, ಹೊಳೆಯುವ ಮುದ್ರೆ. ನನ್ನ ಅಂಗಡಿಗೆ ಅದನ್ನು ಲ್ಯಾಮಿನೇಷನ್ ಮಾಡಿಸಲು ತಂದ. ಬೋರ್ಡಿನ ಹೆಸರು ನೋಡಿ ನನಗೆ ಸಂಶಯ ಬಂತು, ಮಾನ್ಯತೆ ಇರುವ ಬೋರ್ಡುಗಳ ಪಟ್ಟಿಯಲ್ಲಿ ಹುಡುಕಿದರೆ ಅಂಥ ಹೆಸರೇ ಇಲ್ಲ. ಅವನಿಗೆ ಹೇಗೆ ಹೇಳಲಿ? ಹೇಳಿದೆ. ಅವನು ಅರ್ಧ ತಾಸು ಮಾತಾಡದೆ ಕೂತ. ನನಗೆ ಈ ಪೋಸ್ಟರಿನವರ ಮೇಲೆ ಇರುವ ಸಿಟ್ಟು ಇಂದಿಗೂ ಇಳಿದಿಲ್ಲ. ಓದಬೇಕೆಂಬ ಆಸೆಯನ್ನೇ ಹುಡುಕಿ ದೋಚುತ್ತಾರೆ. ಪರೀಕ್ಷೆ ಇಲ್ಲದೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದವರ ಹತ್ತಿರ ಒಂದು ರೂಪಾಯಿ ಕೊಡಬೇಡಿ. ಸಂಶಯ ಬಂದರೆ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ತರರನ್ನು ಕೇಳಿ, ಇಲ್ಲವೇ ಬಿಇಒ ಕಚೇರಿಗೆ ಹೋಗಿ ಕೇಳಿ.

ಇವರ ವ್ಯಾಪಾರ ನಡೆಯುವುದಕ್ಕೆ ಕಾರಣವೂ ಇದೆ. ಸರ್ಕಾರ ದೊಡ್ಡವರಿಗೆ ಪರೀಕ್ಷೆ ಕೊಟ್ಟಿದೆ, ತರಗತಿ ಕೊಟ್ಟಿಲ್ಲ. ಫೀ ಕಟ್ಟಿಸಿಕೊಳ್ಳುತ್ತಾರೆ, ಹಾಲ್ ಟಿಕೆಟ್ ಕೊಡುತ್ತಾರೆ, ನಡುವಿನ ತಿಂಗಳುಗಳಲ್ಲಿ ಆ ಮನುಷ್ಯ ಎಲ್ಲಿ ಕೂತು ಯಾರ ಹತ್ತಿರ ಓದಬೇಕು ಎಂಬುದು ಯಾವ ಸುತ್ತೋಲೆಯಲ್ಲೂ ಇಲ್ಲ. ಅಕ್ಷರ ಕಲಿಸುವ ಯೋಜನೆಗಳು ಬಂದಿವೆ, ಬರುತ್ತಿವೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಓಣಿಯ ಮುದುಕಿಯರು ಲಾಟೀನು ಇಟ್ಟುಕೊಂಡು ಹೆಸರು ಬರೆಯಲು ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ 2022ರಿಂದ 2027ರವರೆಗೆ ‘ಉಲ್ಲಾಸ್’ ನಡೆದಿದೆ, 15 ದಾಟಿದ ಅನಕ್ಷರಸ್ಥರಿಗೆ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆಯೂ ಇದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ನೂರಕ್ಕೆ 75. ಆ ಕೆಲಸ ಬೇಕಾದದ್ದೇ. ಆದರೆ ಹೆಸರು ಬರೆಯಲು ಕಲಿತವಳು ಮರುದಿನ “ಮುಂದ ಏನ್ರಿ ಅಕ್ಕೋರ?” ಎಂದು ಕೇಳಿದರೆ ಉತ್ತರ ಕೊಡುವವರು ಇಲ್ಲ. ಒಂಬತ್ತನೇ ತರಗತಿಗೆ ಬಿಟ್ಟ ನನ್ನಂಥವರು, ಅದರ ಆಚೆ ಈಚೆಯವರು, ಯಾವ ಯೋಜನೆಯ ಲೆಕ್ಕಕ್ಕೂ ಸಿಗುವುದಿಲ್ಲ. ನಾವು ಸಾಕ್ಷರರು, ಹಾಗಾಗಿ ಆ ಕಡೆ ಇಲ್ಲ. ವಿದ್ಯಾರ್ಥಿಗಳಲ್ಲ, ಹಾಗಾಗಿ ಈ ಕಡೆಯೂ ಇಲ್ಲ.

ಬೇಕಾದದ್ದು ದೊಡ್ಡ ಖರ್ಚಿನದಲ್ಲ. ಸರ್ಕಾರಿ ಹೈಸ್ಕೂಲಿನ ಕೋಣೆಗಳು ಸಂಜೆ ಐದರ ಮೇಲೆ ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೆ ನಾಲ್ಕು ಸಂಜೆ ಒಂದು ಕೋಣೆ ತೆರೆಯಲಿ, ಇಂಗ್ಲಿಷಿಗೆ ಒಬ್ಬರು, ಗಣಿತ-ವಿಜ್ಞಾನಕ್ಕೆ ಒಬ್ಬರು ಮಾಸ್ತರರಿಗೆ ಗೌರವಧನ ಕೊಡಲಿ. ಅಂಗನವಾಡಿಯ ಕಟ್ಟಡ ನಾಲ್ಕರ ಮೇಲೆ ಖಾಲಿ, ಸಹಾಯಕಿಯರು ಅಲ್ಲೇ ಕೂತು ಓದಬಹುದು. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಅರಿವು ಕೇಂದ್ರಗಳಾಗಿ ಎಷ್ಟೋ ಕಡೆ ಚಂದ ಆಗಿವೆ, ಕಂಪ್ಯೂಟರ್ ಬಂದಿವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಎಂಟರಿಂದ ಹತ್ತನೇ ತರಗತಿಯ ಪಠ್ಯದ ಎರಡು ಸೆಟ್ ಇಡಲು ಎಷ್ಟು ಜಾಗ ಬೇಕು? ಕೊರೊನಾ ಕಾಲದಲ್ಲಿ ಚಂದನದಲ್ಲಿ ಬಂದ ‘ಸಂವೇದ’ ಪಾಠಗಳು ಇಂದಿಗೂ ಯೂಟ್ಯೂಬಿನಲ್ಲಿವೆ, ಅಲ್ಲಿಯ ಕಂಪ್ಯೂಟರಿನಲ್ಲೇ ಹಾಕಿ ತೋರಿಸಬಹುದು.

ನನ್ನ ಗುರಿ ಸದ್ಯಕ್ಕೆ ಸಣ್ಣದು. ಆ ಸಹಾಯಕಿ ಅಕ್ಕನಿಗೆ ಪರೀಕ್ಷೆ-1ರಲ್ಲಿ ಐದು ವಿಷಯ ಆದವು, ಇಂಗ್ಲಿಷ್ ಉಳಿಯಿತು. ಪರೀಕ್ಷೆ-2ಕ್ಕೆ ಮತ್ತೆ ಕಟ್ಟಿದರು. ನಮ್ಮ ಓಣಿಯ ಒಬ್ಬ ನಿವೃತ್ತ ಮಾಸ್ತರರು ಬೇಸಿಗೆಯಿಡೀ ಸಂಜೆ ಬಂದು ಓದಿಸಿದರು, ಒಂದು ಕಪ್ ಚಹಾದ ಹೊರತು ಏನೂ ಮುಟ್ಟಲಿಲ್ಲ. ಪಾಸಾಯಿತು. ರಿಸಲ್ಟ್ ನೋಡಿದ್ದು ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ. ಅಕ್ಕ ಮೊದಲು ಕೇಳಿದ್ದು “ಪ್ರಿಂಟ್‌ಗೆ ಎಷ್ಟ ಕೊಡ್ಲಿ ತಂಗಿ?” ಎಂದು. ಎರಡನೆಯದು, “ಪಿಯುಸಿಗೆ ಯಾವ ವಿಷಯ ತಗೊಳ್ಳಲಿ?”

ಈಗ ಅವರು ಇತಿಹಾಸ, ಸಮಾಜಶಾಸ್ತ್ರ ಓದುತ್ತಿದ್ದಾರೆ. ಅವರನ್ನು ನೋಡಿ ಪಕ್ಕದ ಅಂಗನವಾಡಿಗಳಿಂದ ಇನ್ನೂ ಕೆಲವರು ಬಂದಿದ್ದಾರೆ, ನನ್ನ ಬೆಂಚಿಗೆ ಜಾಗ ಸಾಲದು. ಹತ್ತಿರದ ಹೈಸ್ಕೂಲಿನಲ್ಲಿ ಸಂಜೆಗೆ ಒಂದು ಕೋಣೆ ಕೇಳಿ ಅರ್ಜಿ ಕೊಟ್ಟಿದ್ದೇನೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ಮುಂದೆ ಇಡುತ್ತೇವೆ ಎಂದಿದ್ದಾರೆ. ಕೋಣೆ ಸಿಗುವ ಭರವಸೆ ನನಗಿದೆ. ಸಿಕ್ಕಿಲ್ಲದಿರುವುದು ಇಂಗ್ಲಿಷ್ ಕಲಿಸುವವರು, ಆ ಮಾಸ್ತರರಿಗೆ ಈಗ ಕಣ್ಣಿನ ಆಪರೇಷನ್ ಆಗಿದೆ. ಗದಗ-ಬೆಟಗೇರಿಯಲ್ಲಿ ಇದನ್ನು ಓದುತ್ತಿರುವವರು ಯಾರಾದರೂ ವಾರಕ್ಕೆ ಎರಡು ಸಂಜೆ ಬಿಡುವು ಮಾಡಿಕೊಳ್ಳಬಲ್ಲಿರಾದರೆ ಬನ್ನಿ. ಎಬಿಸಿಡಿಯಿಂದ ಶುರು ಮಾಡಬೇಕಾಗುತ್ತದೆ, ಹಾಗೂ ನಳ ಬಂದ ದಿನ ರಜೆ.